ಗೇಮಿಂಗ್ ಪಿಸಿ ಕೊಳ್ಳುವ ಮುನ್ನ ವ್ಯಾಟ್ ಲೆಕ್ಕ ಹಾಕಿ

ಪರೀಕ್ಷೆ ಮುಗಿದು ಫಲಿತಾಂಶ ಬರುವ ಹೊತ್ತಿಗೆ ಹಲವು ಮನೆಗಳಲ್ಲಿ ಒಂದೇ ರಾಗ: ‘ಗೇಮ್ ಆಡೋಕಾಗೋ ಅಂಥ ಕಂಪ್ಯೂಟರ್ ಕೊಡ್ಸಿ’. ಅಪ್ಪ ಅಮ್ಮನಿಗೆ ಅದು ಓದಿಗೂ ಆಗಬೇಕು, ಹಜಾರದ ಮೂಲೆಯ ಮೇಜಿನಲ್ಲಿ ಹಿಡಿಸಬೇಕು, ಕೈಗೆಟುಕಬೇಕು. ಸಂತೆಮರಹಳ್ಳಿ, ಯಳಂದೂರು ಕಡೆಯವರಿಗೆ ಚಾಮರಾಜನಗರದಲ್ಲಿ ಸಿಗುವ ಆಯ್ಕೆ ಕಡಿಮೆ. ಮೈಸೂರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋದರೆ ಆಯ್ಕೆ ಎಷ್ಟಿದೆಯೆಂದರೆ ತಲೆ ತಿರುಗುತ್ತದೆ. ಆ ನಡುವೆ ಮೊಬೈಲಿನಲ್ಲಿ ‘ಐ7 ಗೇಮಿಂಗ್ ಪಿಸಿ, 16 ಜಿಬಿ, 4 ಜಿಬಿ ಗ್ರಾಫಿಕ್ಸ್’ ಎಂಬ ಅಗ್ಗದ ಜಾಹೀರಾತು ಬಂದು ಕುಳಿತಿರುತ್ತದೆ.

ಹಣ ಕೊಡುವ ಮೊದಲು ಏನನ್ನು ನೋಡಬೇಕು, ಯಾಕೆ ನೋಡಬೇಕು ಎಂಬುದನ್ನು ಇಲ್ಲಿ ಹೇಳಿದ್ದೇನೆ. ಒಂದು ಮಾತು ಮೊದಲೇ ಇರಲಿ. ಕರೆಂಟ್ ಹೋಗಿ ಬರುವ, ಬೇಸಿಗೆಯಲ್ಲಿ ಬೆವರಿಳಿಯುವ ನಮ್ಮ ಕಡೆ ಕಂಪ್ಯೂಟರ್ ಎಷ್ಟು ಚಿಕ್ಕದು ಎಂಬುದಕ್ಕಿಂತ ಎಷ್ಟು ವ್ಯಾಟ್ ಎಳೆಯುತ್ತದೆ ಎಂಬುದೇ ಮುಖ್ಯ. ಕಡಿಮೆ ವ್ಯಾಟ್ ಎಂದರೆ ಕಡಿಮೆ ಬಿಸಿ, ಚಿಕ್ಕ ಯುಪಿಎಸ್, ಕಡಿಮೆ ಬಿಲ್. ಪೆಟ್ಟಿಗೆ ಚಿಕ್ಕದಾಗುವುದು ಅದರ ಹಿಂದೆಯೇ ಬರುತ್ತದೆ.

ಚಿಕ್ಕದು ಎಂದರೆ ಎಷ್ಟು ಚಿಕ್ಕದು?

ಪೆಟ್ಟಿಗೆಯ ಗಾತ್ರವನ್ನು ನಿರ್ಧರಿಸುವುದು ಮದರ್‌ಬೋರ್ಡ್. ಸಾಮಾನ್ಯ ಎಟಿಎಕ್ಸ್ ಬೋರ್ಡ್ 30.5 × 24.4 ಸೆಂ.ಮೀ. ಇರುತ್ತದೆ. ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 24.4 ಸೆಂ.ಮೀ. ಚೌಕ. ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದ ಮಿನಿ ಐಟಿಎಕ್ಸ್ ಬರೀ 17 ಸೆಂ.ಮೀ. ಚೌಕ.

ಚೆಂದ ಎಂದರೆ ಮಿನಿ ಐಟಿಎಕ್ಸೇ. ಆದರೆ ಚಿಕ್ಕ ಜಾಗದಲ್ಲಿ ಎಲ್ಲವನ್ನೂ ತುರುಕಬೇಕಾದ್ದರಿಂದ ಅದರ ಬೋರ್ಡ್ ದುಬಾರಿ, ಪೆಟ್ಟಿಗೆಯೂ ದುಬಾರಿ. ಹಲವು ಪೆಟ್ಟಿಗೆಗಳಿಗೆ ಎಸ್‌ಎಫ್‌ಎಕ್ಸ್ ಎಂಬ ಪುಟ್ಟ ಎಸ್‌ಎಂಪಿಎಸ್ಸೇ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಬೇಕು, ಅದರ ಬೆಲೆಯೂ ಹೆಚ್ಚು. ಬೋರ್ಡ್ ಕೆಟ್ಟರೆ ಬದಲಿ ಸಿಗುವುದೂ ತಡ. ಬಜೆಟ್ ಬಿಗಿಯಾಗಿದ್ದರೆ ಮೈಕ್ರೋ ಎಟಿಎಕ್ಸ್ ಬೋರ್ಡ್, ಅದಕ್ಕೆ ತಕ್ಕ ಚಿಕ್ಕ ಕ್ಯಾಬಿನೆಟ್, ಮಾಮೂಲಿ ಅಳತೆಯ ಎಸ್‌ಎಂಪಿಎಸ್ ಸಾಕು. ಉಳಿದ ಹಣ ಆಟದ ವೇಗಕ್ಕೆ ಹೋಗಲಿ.

ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 2025ರ ನವೆಂಬರಿನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯ ಹೊತ್ತಿಗೆ 18,999 ರೂಪಾಯಿಯ ‘ಕಿಯೋ’ ಎಂಬ ಪುಟ್ಟ ಕಂಪ್ಯೂಟರ್ ಪ್ರಕಟಿಸಿತಲ್ಲ, ಅದರಲ್ಲಿ ಆಡಬಹುದೇ ಎಂದು ಕೆಲವರು ಕೇಳುತ್ತಾರೆ. ಅದು ಓದು ಬರಹಕ್ಕೆಂದು ರಿಸ್ಕ್-ವಿ ಪ್ರೊಸೆಸರ್ ಮತ್ತು ಲಿನಕ್ಸ್ ಇಟ್ಟು ಮಾಡಿದ್ದು. ಇಂಟೆಲ್, ಎಎಂಡಿ ಪ್ರೊಸೆಸರಿಗೂ ವಿಂಡೋಸಿಗೂ ಬರೆದ ಆಟಗಳಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಮೊದಲ ಖರ್ಚು ಕರೆಂಟಿಗೆ

ಕರೆಂಟಿನ ಲೆಕ್ಕವನ್ನು ಕೊನೆಗೆ ಇಟ್ಟುಕೊಳ್ಳುವವರೇ ಹೆಚ್ಚು. ಮೊದಲು ಹೀಗೆ ಲೆಕ್ಕ ಹಾಕಿ.

1. ಎಷ್ಟು ಯೂನಿಟ್? ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರಿನ ಸೆಟ್, ಮಾನಿಟರ್ ಸೇರಿ, ಆಡುವಾಗ ಸುಮಾರು 130 ವ್ಯಾಟ್ ಎಳೆಯುತ್ತದೆ. ದಿನಕ್ಕೆ 3 ಗಂಟೆಯಂತೆ ತಿಂಗಳಿಗೆ 12 ಯೂನಿಟ್ ಒಳಗೇ. ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ 270 ವ್ಯಾಟ್ ಆಸುಪಾಸು, ಅಂದರೆ 24 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಸೆಸ್ಕ್ ಬಿಲ್ಲಿನಲ್ಲಿ ನಿಮ್ಮ ಮಿತಿ ಎಷ್ಟಿದೆ ನೋಡಿಕೊಳ್ಳಿ.

2. ಅರ್ಥಿಂಗ್ ಇದೆಯೇ? ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಅರ್ಥಿಂಗ್ ಸರಿಯಿಲ್ಲ ಎಂದೇ ಅರ್ಥ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಒಂದೆರಡು ವೋಲ್ಟ್ ಬಂದರೆ ಚಿಂತೆಯಿಲ್ಲ, ಹತ್ತಾರು ವೋಲ್ಟ್ ತೋರಿಸಿದರೆ ವೈರಿಂಗ್ ಸರಿಪಡಿಸದೆ ಕಂಪ್ಯೂಟರ್ ಹಾಕಬೇಡಿ. ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗದಂತೆ ನೀರು ಹಾಕುತ್ತಿರಿ.

3. ಯುಪಿಎಸ್ ಎಷ್ಟರದು? ಪೆಟ್ಟಿಗೆಯ ಮೇಲೆ 600 ವಿಎ ಎಂದು ದೊಡ್ಡದಾಗಿ ಬರೆದಿದ್ದರೂ ಅದು ಹೊರುವುದು ಸಾಮಾನ್ಯವಾಗಿ 360 ವ್ಯಾಟ್. ಅದರ ಮೂರನೇ ಎರಡು ಪಾಲಿಗಿಂತ ಹೆಚ್ಚಿನ ಭಾರ ಹಾಕದಿದ್ದರೆ ಒಳ್ಳೆಯದು. ಹಾಗಾಗಿ 130 ವ್ಯಾಟ್ ಸೆಟ್‌ಗೆ 600 ವಿಎ ಧಾರಾಳ, 270 ವ್ಯಾಟ್ ಸೆಟ್‌ಗೆ 1000 ವಿಎ ಬೇಕು. ಯುಪಿಎಸ್ ಇರುವುದು ಸೇವ್ ಮಾಡಿ ಶಟ್‌ಡೌನ್ ಮಾಡುವುದಕ್ಕೆ. ಅದನ್ನು ನಂಬಿ ಆಟ ಮುಂದುವರಿಸಬೇಡಿ.

4. ಮನೆಯಲ್ಲಿ ಇನ್ವರ್ಟರ್ ಇದ್ದರೆ? ಕರೆಂಟ್ ಹೋದಾಗ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನ ಬಲದಿಂದ ತಡೆದುಕೊಳ್ಳುವುದು 16–17 ಮಿಲಿಸೆಕೆಂಡ್ ಮಾತ್ರ. ಇನ್ವರ್ಟರ್ ಅಷ್ಟರೊಳಗೆ ಬದಲಾಗಬೇಕು. ಅದರ ಹಿಂದೆ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಇಲ್ಲದಿದ್ದರೆ ಫ್ಯಾನ್, ಲೈಟ್ ಉರಿಯುತ್ತಿದ್ದರೂ ಕಂಪ್ಯೂಟರ್ ಮಾತ್ರ ಪ್ರತಿ ಸಲ ರೀಸ್ಟಾರ್ಟ್ ಆಗುತ್ತದೆ.

5. ಎಸ್‌ಎಂಪಿಎಸ್ ಲೇಬಲ್ ಓದಿ. ಇನ್‌ಪುಟ್ ಎದುರು ‘100–240 ವೋಲ್ಟ್’ ಎಂದಿದ್ದರೆ ಪಂಪ್‌ಸೆಟ್‌ಗಳು ಓಡುವ ಹೊತ್ತಿನ ಲೋ ವೋಲ್ಟೇಜನ್ನು ಅದು ತಾಳುತ್ತದೆ. ‘200–240’ ಎಂದಿದ್ದರೆ ಕಷ್ಟ. ‘80 ಪ್ಲಸ್’ ಗುರುತು ಇರುವ 450ರಿಂದ 550 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ ಈ ಲೇಖನದಲ್ಲಿ ಹೇಳುವ ಯಾವ ಹೊಸ ಸೆಟ್‌ಗೂ ಸಾಕು.

ಯಾವ ಆಟ, ಯಾವ ದಾರಿ?

ಆಡುವ ಆಟಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ. ವ್ಯಾಲೊರಂಟ್, ಮೈನ್‌ಕ್ರಾಫ್ಟ್, ಜಿಟಿಎ 5ರಂಥ ಆಟಗಳಿಗೆ ಬೇಕಾದ ಬಲ ಒಂದು. ಹೊಸದಾಗಿ ಬಂದ ದೊಡ್ಡ ಕಥೆಯ ಆಟಗಳಿಗೆ ಬೇಕಾದ್ದು ಇನ್ನೊಂದು. ಜೇಬಿಗೆ ತಕ್ಕಂತೆ ಮೂರು ದಾರಿಗಳಿವೆ.

*ದಾರಿ 1: ಆಫೀಸಿನ ಹಳೇ ಸೆಟ್ + ಚಿಕ್ಕ ಕಾರ್ಡ್.* ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಸೆಟ್‌ಗಳು ಎಸ್.ಪಿ. ರಸ್ತೆಯಲ್ಲಿ ಸಾಲು ಸಾಲಾಗಿ ಸಿಗುತ್ತವೆ. ಗಟ್ಟಿಮುಟ್ಟು, ಚಿಕ್ಕವು, ಅಗ್ಗ. ಇಂಟೆಲ್ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದನ್ನೇ ಕೇಳಿ. ಐ5-8500ಕ್ಕೆ ಆರು ಕೋರ್‌ಗಳಿವೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದೂ 8ನೇ ತಲೆಮಾರಿನಿಂದಲೇ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಇಲ್ಲಿ ಅಳತೆಯೇ ಎಲ್ಲ. ‘ಎಸ್‌ಎಫ್‌ಎಫ್’ ಎಂಬ ತೆಳು ಪೆಟ್ಟಿಗೆಗೆ ಅರ್ಧ ಎತ್ತರದ, ಅಂದರೆ ‘ಲೋ ಪ್ರೊಫೈಲ್’ ಕಾರ್ಡ್ ಮಾತ್ರ ಕೂರುತ್ತದೆ. ಒಳಗಿನ ಎಸ್‌ಎಂಪಿಎಸ್ 200 ವ್ಯಾಟ್ ಆಸುಪಾಸಿನದು, ಕಂಪನಿಯದೇ ವಿಶೇಷ ಆಕಾರದ್ದು, ಮಾಮೂಲಿಯದನ್ನು ಹಾಕಲು ಬರುವುದಿಲ್ಲ. ಆದ್ದರಿಂದ ಬೋರ್ಡಿನ ಸ್ಲಾಟಿನಿಂದಲೇ 75 ವ್ಯಾಟ್ ಒಳಗೆ ಕರೆಂಟ್ ಪಡೆದು ಓಡುವ ಕಾರ್ಡ್ ಬೇಕು: ಜಿಟಿಎಕ್ಸ್ 1650 ಅಥವಾ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿಯ ಲೋ ಪ್ರೊಫೈಲ್ ಮಾದರಿ. ಆರ್‌ಎಕ್ಸ್ 6400 ಕೂಡ ಚಿಕ್ಕದೇ, ಆದರೆ ಅದು ಬಳಸುವುದು ಸ್ಲಾಟಿನ ನಾಲ್ಕೇ ಲೇನ್ (ದತ್ತಾಂಶ ಸಾಗುವ ದಾರಿ). ಈ ಹಳೆಯ ಬೋರ್ಡ್‌ಗಳ ಪಿಸಿಐಇ 3.0 ಸ್ಲಾಟಿನಲ್ಲಿ ಅದರ ವೇಗ ಕುಸಿಯುತ್ತದೆ. ಎರಡು ಸ್ಲಾಟ್ ದಪ್ಪದ ಕಾರ್ಡ್ ಆದರೆ ಪೆಟ್ಟಿಗೆ ತೆರೆಸಿ ಪಕ್ಕದ ಜಾಗ ಅಳೆದೇ ಕೊಳ್ಳಿ. ಪುಸ್ತಕದಷ್ಟೇ ಇರುವ ‘ಮೈಕ್ರೋ’, ‘ಟೈನಿ’ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಕಾರ್ಡಿಗೆ ಜಾಗವೇ ಇಲ್ಲ. ಆಟಕ್ಕಾಗಿ ಅವು ಬೇಡ.

*ದಾರಿ 2: ಈಗ ಪ್ರೊಸೆಸರ್, ಮುಂದೆ ಕಾರ್ಡ್.* ಬಹುಪಾಲು ಮನೆಗಳಿಗೆ ನಾನು ಹೇಳುವುದು ಇದನ್ನೇ. ಎಎಂಡಿಯ ರೈಜೆನ್ 5 5600ಜಿಯಂಥ ಪ್ರೊಸೆಸರಿಗೆ ಆರು ಕೋರ್, 65 ವ್ಯಾಟ್ ದರ್ಜೆ, ಒಳಗೇ ಗ್ರಾಫಿಕ್ಸ್. ಹಗುರ ಆಟಗಳು ಕಾರ್ಡ್ ಇಲ್ಲದೆಯೇ ಓಡುತ್ತವೆ. ಜೊತೆಗೆ ಬಿ550 ಅಥವಾ ಎ520 ಮೈಕ್ರೋ ಎಟಿಎಕ್ಸ್ ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, ಎಸ್‌ಎಸ್‌ಡಿ, ಒಳ್ಳೆಯ ಎಸ್‌ಎಂಪಿಎಸ್. ವರ್ಷ ಕಳೆದು ಹಣ ಕೂಡಿದಾಗ ಕಾರ್ಡ್ ಒಂದನ್ನು ಸೇರಿಸಿದರಾಯಿತು, ಪೆಟ್ಟಿಗೆಯೊಳಗೆ ಉಳಿದದ್ದೇನೂ ಬದಲಾಗುವುದಿಲ್ಲ. 2024ರಲ್ಲಿ ಬಂದ ರೈಜೆನ್ 5 8600ಜಿಯ ಗ್ರಾಫಿಕ್ಸ್ ಇದಕ್ಕಿಂತ ಬಲವಾದದ್ದು. ಆದರೆ ಅದಕ್ಕೆ ಎಎಂ5 ಬೋರ್ಡ್, ಡಿಡಿಆರ್5 ರ‍್ಯಾಮ್ ಬೇಕು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಿಗಿಯಿತು. ಆದ್ದರಿಂದ ಎರಡೂ ಸೆಟ್‌ಗಳ ಮೊತ್ತವನ್ನು ಒಂದೇ ದಿನ ಬರೆಸಿಕೊಂಡು ಹೋಲಿಸಿ.

*ದಾರಿ 3: ಈಗಲೇ ಕಾರ್ಡ್.* ಹೊಸ, ಭಾರದ ಆಟಗಳೇ ಬೇಕೆಂದರೆ ಐ3-12100ಎಫ್, ಐ5-12400ಎಫ್ ಅಥವಾ ರೈಜೆನ್ 5 5600 ದರ್ಜೆಯ ಪ್ರೊಸೆಸರಿಗೆ ಆರ್‌ಎಕ್ಸ್ 6600ರಂಥ 8 ಜಿಬಿ ಕಾರ್ಡ್ ಜೋಡಿಸಿ. ಆ ಕಾರ್ಡ್ ಒಂದೇ 132 ವ್ಯಾಟ್ ಎಳೆಯುತ್ತದೆ. ಯುಪಿಎಸ್ ಲೆಕ್ಕ ಮತ್ತೆ ನೋಡಿಕೊಳ್ಳಿ. ಇಂಟೆಲ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ರೈಜೆನ್ 5 5600ಕ್ಕೂ ಇಲ್ಲ. ಕಾರ್ಡ್ ಕೆಟ್ಟು ವಾರಂಟಿಗೆ ಹೋದರೆ ಅದು ಬರುವವರೆಗೆ ಮಾನಿಟರ್ ಕಪ್ಪು.

ಯಾವ ದಾರಿಯಾದರೂ ಸರಿ, ಒಟ್ಟು ಹಣದಲ್ಲಿ ನಾಲ್ಕನೇ ಒಂದು ಪಾಲನ್ನು ಮಾನಿಟರ್, ಯುಪಿಎಸ್, ಕೀಬೋರ್ಡ್, ಮೌಸ್‌ಗೆಂದು ಮೊದಲೇ ತೆಗೆದಿಡಿ.

ರ‍್ಯಾಮ್ ಒಂದೋ, ಎರಡೋ?

ಇದನ್ನು ಬೇರೆಯಾಗಿಯೇ ಹೇಳಬೇಕು. ದಾರಿ 2ರ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನಿಂದಲೇ ಎರವಲು. ಡಿಡಿಆರ್4-3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಎರಡು ಸ್ಟಿಕ್ ಹಾಕಿದರೆ 51.2 ಜಿಬಿ. ತೋಟಕ್ಕೆ ಒಂದು ಪೈಪಿನ ಬದಲು ಎರಡು ಪೈಪಿನಲ್ಲಿ ನೀರು ಬಿಟ್ಟ ಹಾಗೆ. ಆದ್ದರಿಂದ 16 ಜಿಬಿಯ ಒಂದು ಸ್ಟಿಕ್ ಬೇಡ, 8 ಜಿಬಿಯ ಎರಡು ಕೇಳಿ. ‘ಆಮೇಲೆ ಇನ್ನೊಂದು ಹಾಕಿಸ್ಕೊಳ್ಳಿ ಸಾರ್’ ಎಂಬ ಅಂಗಡಿಯವರ ಮಾತಿಗೆ ಇಲ್ಲಿ ಒಪ್ಪಬೇಡಿ.

ಜೋಡಿಸುವ ಕ್ರಮ

ಅಂಗಡಿಯಲ್ಲೇ ಅಸೆಂಬಲ್ ಮಾಡಿಸಿದರೂ ಪಕ್ಕದಲ್ಲಿ ನಿಂತು ನೋಡಿ. ನೀವೇ ಮಾಡುವುದಾದರೆ ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಳ್ಳೆಯ ಬೆಳಕು, ಅವಸರವಿಲ್ಲದ ಅರ್ಧ ದಿನ ಸಾಕು.

1. ಮದರ್‌ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲಿಡಿ. ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಳಿಬಿಡಿ, ಒತ್ತಬೇಡಿ. ಎಎಂ4 ಪ್ರೊಸೆಸರಿನ ಪಿನ್ನುಗಳು ಅದರ ಹೊಟ್ಟೆಯಲ್ಲೇ ಇರುವುದರಿಂದ ಬಾಗಿದರೆ ಕಷ್ಟ.

2. ರ‍್ಯಾಮ್ ಸ್ಲಾಟ್ ನಾಲ್ಕಿದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಿ. ‘ಟಕ್’ ಎಂದು ಕೊಂಡಿ ಕೂರಬೇಕು.

3. ಕೂಲರ್ ಬಿಗಿಯುವಾಗ ಎದುರು ಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಥರ್ಮಲ್ ಪೇಸ್ಟ್ ಮೊದಲೇ ಹಚ್ಚಿದ್ದರೆ ಮತ್ತೆ ಹಚ್ಚಬೇಡಿ.

4. ದಾರಿ 2ರವರು ಪೆಟ್ಟಿಗೆಯ ಹೊರಗೇ ಒಮ್ಮೆ ಆನ್ ಮಾಡಿ ಬಯೋಸ್ ಪರದೆ ಬರುತ್ತದೆಯೇ ನೋಡಿ. ಎಲ್ಲ ತುರುಕಿದ ಮೇಲೆ ಬಿಚ್ಚುವುದು ತಪ್ಪುತ್ತದೆ.

5. ಪೆಟ್ಟಿಗೆಯಲ್ಲಿ ಬೋರ್ಡಿನ ರಂಧ್ರಗಳ ಕೆಳಗೆ ಮಾತ್ರ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಇರಬೇಕು. ಬೇರೆಡೆ ಒಂದು ಉಳಿದರೂ ಬೋರ್ಡಿಗೆ ತಗುಲಿ ಶಾರ್ಟ್ ಆದೀತು.

6. ದೊಡ್ಡ 24 ಪಿನ್ನಿನ ಜೊತೆ ಪ್ರೊಸೆಸರ್ ಪಕ್ಕದ 8 ಪಿನ್ ಪವರ್ ಮರೆಯಬೇಡಿ. ಫ್ಯಾನ್ ತಿರುಗಿ ಪರದೆ ಬಾರದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

7. ಬಯೋಸಿನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ. ಇಲ್ಲದಿದ್ದರೆ 3200ರ ರ‍್ಯಾಮ್ 2400 ಅಥವಾ 2666ರಲ್ಲೇ ಓಡುತ್ತಿರುತ್ತದೆ. ಟಿಪಿಎಂ, ಸೆಕ್ಯೂರ್ ಬೂಟ್ ಎರಡನ್ನೂ ಆನ್ ಮಾಡಿ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಅವಿಲ್ಲದೆ ತೆರೆಯುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

• ‘ಐ7’ ಎಂಬುದಕ್ಕೆ ಮರುಳಾಗುವುದು. ಐ7-2600 ಬಂದದ್ದು 2011ರಲ್ಲಿ. ಅಡ್ಡಗೆರೆಯ ಮುಂದಿನ ಅಂಕಿ ನೋಡಿ: 2600 ಎಂದರೆ 2ನೇ ತಲೆಮಾರು, 8500 ಎಂದರೆ 8ನೆಯದು, 12100 ಎಂದರೆ 12ನೆಯದು. ಪೂರ್ತಿ ಸಂಖ್ಯೆ ಹೇಳದ ಜಾಹೀರಾತನ್ನು ಬಿಟ್ಟುಬಿಡಿ.

• ‘4 ಜಿಬಿ ಗ್ರಾಫಿಕ್ಸ್’ ಎಂದು ಜಿಟಿ 730 ಕೊಳ್ಳುವುದು. ಅದು 2014ರ ಕಾರ್ಡ್. 5600ಜಿಯ ಒಳಗಿರುವ ಗ್ರಾಫಿಕ್ಸೇ ಅದಕ್ಕಿಂತ ವೇಗ. ಜಿಬಿ ಎಷ್ಟೆಂಬುದಲ್ಲ, ಕಾರ್ಡಿನ ಮಾದರಿ ಯಾವುದೆಂದು ಕೇಳಿ.

• ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚುವುದು. ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು. 144 ಹರ್ಟ್ಸ್ ಮಾನಿಟರ್ ತಂದು ವಿಂಡೋಸಿನಲ್ಲಿ 60ರಲ್ಲೇ ಬಿಟ್ಟವರೂ ಇದ್ದಾರೆ. ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಬದಲಿಸಿ.

• ಬಣ್ಣದ ಲೈಟಿಗೆ, ಗಾಜಿನ ಮುಂಭಾಗಕ್ಕೆ ಹಣ ಸುರಿಯುವುದು. ಮುಂದೆ ಗಾಜಿದ್ದರೆ ಗಾಳಿ ಎಲ್ಲಿಂದ ಬರಬೇಕು? ಜಾಲರಿಯ ಮುಂಭಾಗ, ತೆಗೆದು ತೊಳೆಯಬಹುದಾದ ಧೂಳು ಫಿಲ್ಟರ್ ಇರುವ ಕ್ಯಾಬಿನೆಟ್ ಆರಿಸಿ.

• ಹಿಂಭಾಗದ ಸ್ಲಾಟ್ ಪಟ್ಟಿಗಳನ್ನು ಕಳಚಿ ಹಾಗೇ ಬಿಡುವುದು. ಹಲ್ಲಿ, ಇರುವೆ, ಜಿರಲೆಗೆ ಬೆಚ್ಚಗಿನ ಮನೆ ಕೊಟ್ಟಂತೆ. ಎಸ್‌ಎಂಪಿಎಸ್ ಒಳಗೆ ಹಲ್ಲಿ ಸಿಕ್ಕಿ ಶಾರ್ಟ್ ಆಗುವುದು ನಮ್ಮ ಕಡೆ ಹೊಸತೇನಲ್ಲ.

• ಹಳೇ ಎಸ್‌ಎಂಪಿಎಸ್ಸಿನ ಕೆಂಪು ಸ್ವಿಚ್ ನೋಡದಿರುವುದು. ಅದು 115ರಲ್ಲಿದ್ದರೆ ಪ್ಲಗ್ ಹಾಕಿದ ಕ್ಷಣವೇ ಢಮಾರ್. 230ರಲ್ಲಿರಲಿ.

ಎಚ್ಚರಿಕೆ

*ಸೆಕೆಂಡ್ ಹ್ಯಾಂಡ್ ಕಾರ್ಡ್:* ಆಟ ಅಥವಾ ಸ್ಟ್ರೆಸ್ ಟೆಸ್ಟ್ ಅರ್ಧ ಗಂಟೆ ಓಡಿಸಿ, ಪರದೆಯಲ್ಲಿ ಗೆರೆ, ಚುಕ್ಕಿ ಬರುತ್ತವೆಯೇ, ಎಲ್ಲ ಫ್ಯಾನ್ ತಿರುಗುತ್ತವೆಯೇ ನೋಡಿ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಕಾರ್ಡಿನ ನಿಜ ಮಾದರಿಯನ್ನು ತೋರಿಸುತ್ತದೆ. ಆರ್‌ಎಕ್ಸ್ 580 ಎಂದು ಮಾರುವುದರಲ್ಲಿ ‘2048ಎಸ್‌ಪಿ’ ಎಂಬ ಕಡಿಮೆ ಬಲದ ಆವೃತ್ತಿಯೂ ಇರುತ್ತದೆ. ಈಥರಿಯಂ ಎಂಬ ಕ್ರಿಪ್ಟೊ ನಾಣ್ಯದ ಮೈನಿಂಗಿನಲ್ಲಿ ಹಗಲಿರುಳು ದುಡಿದ ಕಾರ್ಡ್‌ಗಳೂ ಇವೆ.

*ಬಿಲ್:* ಬಿಡಿಭಾಗಗಳಿಗೆ 18% ಜಿಎಸ್‌ಟಿ ಇದೆ. ಅದನ್ನು ಉಳಿಸಲೆಂದು ಬಿಳಿ ಚೀಟಿಯಲ್ಲಿ ಬರೆಸಿಕೊಂಡರೆ ವಾರಂಟಿ ಕೇಳುವಾಗ ಕೈಯಲ್ಲಿ ಪುರಾವೆ ಇರುವುದಿಲ್ಲ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ವಾರಂಟಿಗೆ ಅಂಗಡಿಯವರೇ ಕಳಿಸಿಕೊಡುತ್ತಾರೆಯೇ ಎಂದು ಕೇಳಿ. ಒಂದು ರ‍್ಯಾಮಿಗಾಗಿ ಸಂತೆಮರಹಳ್ಳಿಯಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಬರುವ ಖರ್ಚೇ ರ‍್ಯಾಮಿನ ಲಾಭವನ್ನು ನುಂಗುತ್ತದೆ.

*ಪ್ರಯಾಣ:* ಕನಕಪುರ, ಮಳವಳ್ಳಿ, ಕೊಳ್ಳೇಗಾಲ ದಾಟಿ ಬಸ್ಸಿನಲ್ಲಿ ತರುವುದಾದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿ ಅದರ ಡಬ್ಬದಲ್ಲೇ ಇಡಿಸಿ. ಹಂಪಿನ ಮೇಲೆ ಕುಕ್ಕಿದಾಗ ಕಾರ್ಡಿನ ಭಾರಕ್ಕೆ ಸ್ಲಾಟ್ ಸೀಳಬಹುದು. ಪೆಟ್ಟಿಗೆಯನ್ನು ಬೋರ್ಡ್ ತಳದಲ್ಲಿ ಮೇಲ್ಮುಖವಾಗಿ ಮಲಗುವಂತೆ ಇಡಿ, ಟಾಪಿಗೆ ಹಾಕಬೇಡಿ.

*ಡೌನ್‌ಲೋಡ್:* ಒಂದು ದೊಡ್ಡ ಆಟ 100 ಜಿಬಿ ದಾಟುತ್ತದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಅದು 50 ದಿನದ ಕೆಲಸ. ಮನೆಗೆ ಫೈಬರ್ ಬರುತ್ತದೆಯೇ ಎಂದು ಮೊದಲೇ ವಿಚಾರಿಸಿ. ಎಸ್‌ಎಸ್‌ಡಿ 500 ಜಿಬಿಗಿಂತ ಚಿಕ್ಕದು ಬೇಡ. ಕ್ರ್ಯಾಕ್ ಮಾಡಿದ ಆಟ, ವಿಂಡೋಸ್ ಹಾಕಿಸಿಕೊಂಡರೆ ಅದರ ಜೊತೆ ವೈರಸ್ಸನ್ನೂ ಮನೆಗೆ ಕರೆದಂತೆಯೇ.

*ಧೂಳು:* ಪೆಟ್ಟಿಗೆ ನೆಲದ ಮೇಲಿರದೆ ಮೇಜಿನ ಮೇಲಿರಲಿ, ಗೋಡೆಯಿಂದ ಒಂದು ಗೇಣು ದೂರ. ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ನೀರಿನ ಹನಿ ಬರುವುದರಿಂದ ಅದು ಬೇಡ.

ಕೊನೆಗೆ ಏನು ಮಾಡಬೇಕು?

ಹಣ ತೀರಾ ಕಡಿಮೆಯಿದ್ದರೆ 8ನೇ ತಲೆಮಾರಿನ ಆಫೀಸ್ ಸೆಟ್ ತಂದು ಲೋ ಪ್ರೊಫೈಲ್ ಕಾರ್ಡ್ ಹಾಕಿ. ಸ್ವಲ್ಪ ಕೈ ಬಿಚ್ಚಬಹುದಾದರೆ ಮೈಕ್ರೋ ಎಟಿಎಕ್ಸ್ ಬೋರ್ಡಿನ ದಾರಿ 2 ಹಿಡಿಯಿರಿ. ಮಿನಿ ಐಟಿಎಕ್ಸ್ ಆಸೆಯನ್ನು ದುಡಿಮೆ ಶುರುವಾದ ಮೇಲೆ ತೀರಿಸಿಕೊಳ್ಳಬಹುದು. ಯಾವುದನ್ನೇ ಕೊಂಡರೂ ಯುಪಿಎಸ್, ಅರ್ಥಿಂಗ್, ಎಸ್‌ಎಂಪಿಎಸ್ ಈ ಮೂರರಲ್ಲಿ ಚೌಕಾಸಿ ಬೇಡ. ಕಾರ್ಡನ್ನು ಮುಂದಿನ ವರ್ಷವೂ ಕೊಳ್ಳಬಹುದು, ಕೆಟ್ಟ ಕರೆಂಟಿಗೆ ಸುಟ್ಟ ಬೋರ್ಡಿಗೆ ವಾರಂಟಿ ಸಿಗುವುದು ಕಷ್ಟ.